ಹೇಳಿಕೊಡದ ಮುಕ್ಕಾಲು

ಮೂರನೇ ಕ್ಲಾಸಿನ ಟೀಚರನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ‘ಮುಕ್ಕಾಲು’ ಎಂದು. ಚಿಕ್ಕಂದಿನ ಜ್ವರದಿಂದ ಆಕೆಯ ಎಡಗಾಲು ಬೆಳೆಯಲಿಲ್ಲ, ಊರುಗೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ. ಆ ಹೆಸರಿಟ್ಟವರು ಹೆಡ್ ಮೇಡಂ.

“ಎರಡು ಕಾಲು, ಒಂದು ಕೋಲು. ಆಳೂ ಪೂರ್ತಿ ಇಲ್ಲ. ಹೇಗೆ ಲೆಕ್ಕ ಹಾಕಿದ್ರೂ ಮುಕ್ಕಾಲೇ ನೋಡಿ” ಎಂದು ಅವರು ಸ್ಟಾಫ್‌ರೂಮಿನಲ್ಲಿ ಹೇಳಿದ್ದರು. ನಗುವಿಗೆ ಕೆಲವರ ಟೀ ತುಳುಕಿತ್ತು.

ಆಕೆ ಇದ್ದುದು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ, ತಾಯಿಯ ಜೊತೆ.

“ಈ ಸಲ ನಿನ್ನ ಕೆಲಸ ಖಾಯಂ ಆಗ್ಲಿಲ್ಲ ಅಂದ್ರೆ ಅತ್ತೇನ ಆಶ್ರಮಕ್ಕೆ ಬಿಡ್ತೀವಮ್ಮ. ಇಬ್ಬರನ್ನೂ ಎಷ್ಟು ದಿನ ಅಂತ ಹೊರೋದು?” ಎಂದಿದ್ದಳು ಅತ್ತಿಗೆ, ಬಟ್ಟೆ ಹಿಂಡುತ್ತಾ.

ದೇವರಲ್ಲಿ ಆಕೆ ಕೇಳಿಕೊಂಡದ್ದು ಇಷ್ಟೇ: ಅಮ್ಮ ನನ್ನ ಹತ್ತಿರವೇ ಇರಲಿ.

ಪಾಠದಲ್ಲಿ ಆಕೆಗೆ ಸೋಲಿರಲಿಲ್ಲ. ಭಿನ್ನರಾಶಿಯನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿರಲಿಲ್ಲ. ಚಪ್ಪಲಿ ಡಬ್ಬಿಗಳ ರಟ್ಟನ್ನು ದುಂಡಗೆ ಕತ್ತರಿಸಿ, ಕತ್ತರಿಯನ್ನು ಮಕ್ಕಳ ಕೈಗೇ ಕೊಡುತ್ತಿದ್ದಳು.

“ನಾಲ್ಕು ಜನಕ್ಕೆ ಹಂಚು. ಯಾರೂ ಮೂತಿ ಊದಿಸ್ಕೋಬಾರದು, ಹಾಗೆ.”

ಮಕ್ಕಳು ತುಂಡಿನ ಮೇಲೆ ತುಂಡಿಟ್ಟು, ಹೆಚ್ಚುಕಮ್ಮಿಯಾದರೆ ಜಗಳವಾಡಿ, ಮತ್ತೆ ಕತ್ತರಿಸಿ ಅರ್ಧ, ಕಾಲು ಎಲ್ಲ ಕಲಿತರು. ಮೂರು ತುಂಡು ಸೇರಿಸಿದಾಗ ಮಾತ್ರ ಆಕೆ “ನಾಲ್ಕರಲ್ಲಿ ಮೂರು” ಎನ್ನುತ್ತಿದ್ದಳು. ಅದಕ್ಕಿರುವ ಸರಿಯಾದ ಶಬ್ದ ಆಕೆಯ ಗಂಟಲಲ್ಲೇ ಉಳಿಯುತ್ತಿತ್ತು.

ಖಾಯಂ ಮಾಡುವ ಮುಂಚೆ ಪಾಠ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಮೊದಲ ಬೆಂಚಿನಿಂದ ಬಡಗಿಯ ಮಗಳನ್ನು ಎಬ್ಬಿಸಿದರು.

“ಅರ್ಧ ತೋರ್ಸು ಪುಟ್ಟಿ.” ತೋರಿಸಿದಳು. “ಕಾಲು?” ಅದನ್ನೂ ತೋರಿಸಿದಳು. “ಭೇಷ್. ಮುಕ್ಕಾಲು ಎಲ್ಲಿದೆ?”

ಹುಡುಗಿ ರಟ್ಟಿನ ಕಡೆ ನೋಡಲೇ ಇಲ್ಲ. ಸುಲಭದ ಪ್ರಶ್ನೆ ಎಂಬಂತೆ ಟೀಚರ ಕಡೆ ಬೆರಳು ತೋರಿಸಿದಳು. ಸಾಹೇಬರು ಇಡೀ ಕ್ಲಾಸನ್ನು ಕೇಳಿದರು. ಅಷ್ಟೂ ಬೆರಳುಗಳು ಆಕೆಯ ಕಡೆಗೇ ತಿರುಗಿದವು.

ಹೆಡ್ ಮೇಡಂ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ಸಾಹೇಬರಿಗೂ ನಗು ತಡೆಯಲಾಗಲಿಲ್ಲ.

“ಇಷ್ಟೊಂದು ರಟ್ಟು ಕತ್ತರಿಸಿದ್ದೀರಿ, ಒಂದು ಶಬ್ದ ಹೇಳಿಕೊಡೋಕ್ಕೆ ಆಗ್ಲಿಲ್ವೇನಮ್ಮ? ಇನ್ನು ಖಾಯಂ ಮಾತು ಬೇಡ. ಈ ತಿಂಗಳು ಮುಗಿಸಿ ಬಿಟ್ಟುಬಿಡಿ.”

ಎಲ್ಲರೂ ಹೋದ ಮೇಲೆ ಹುಡುಗಿ ಬಂದು ನಿಂತಳು. “ನಾನು ಸರಿಯಾಗಿ ಹೇಳಿದ್ನಲ್ವಾ ಟೀಚರ್?”

ಆಕೆ ನಾಲ್ಕು ತುಂಡಿನ ರಟ್ಟಿನ ಬಿಲ್ಲೆಯಿಂದ ಒಂದು ತುಂಡು ತೆಗೆದು ಪಕ್ಕಕ್ಕಿಟ್ಟಳು. “ಸರಿಯಾಗೇ ಹೇಳ್ದೆ. ಇಲ್ಲಿ ಉಳಿದಿದೆಯಲ್ಲ, ಇದೂ ಮುಕ್ಕಾಲು.”

ಹುಡುಗಿಗೆ ಖುಷಿಯಾಯಿತು. “ನಿಮ್ಮ ಹೆಸರನ್ನ ಇದಕ್ಕೂ ಇಟ್ಟಿದ್ದಾರಾ?”

ತಿಂಗಳು ಮುಗಿದ ಭಾನುವಾರ ಅಣ್ಣ ತಾಯಿಯ ಟ್ರಂಕನ್ನು ಆಟೋದಲ್ಲಿಟ್ಟ. ಆಕೆಯೂ ಹತ್ತಲು ಹೋದಾಗ ತಡೆದ.

“ನೀನು ಬೇಡ. ನೀನು ಹತ್ತಿ ಇಳಿಯೋದ್ರಲ್ಲೇ ಅರ್ಧ ದಿನ ಹೋಗುತ್ತೆ.”

ತಾಯಿ ಒಳಗಿನಿಂದ ಕೈ ಚಾಚಿ ಊರುಗೋಲಿನ ಹಿಡಿಯನ್ನು ಹಿಡಿದುಕೊಂಡಳು. ಆಟೋ ಹೊರಟಿತು. ತಾಯಿಗೆ ಹಿಡಿ ಬಿಡದೆ ಬೇರೆ ದಾರಿಯಿರಲಿಲ್ಲ.