ಗೆರೆಯಪ್ಪ ಕಟ್ಟಿದ ಸಭಾಂಗಣ

ನೆಟ್ಟಗೆ ನಡೆಯುವುದನ್ನೇ ಕಸುಬು ಮಾಡಿಕೊಂಡವರು ಲೋಕದಲ್ಲಿ ಕಡಿಮೆ. ಅಂಥವರಲ್ಲೊಬ್ಬ ನಮ್ಮ ಗೆರೆಯಪ್ಪ. ಹೆತ್ತವರು ಇಟ್ಟ ಹೆಸರು ಬೇರೆ. ಹಾಜರಿ ಪುಸ್ತಕ ಬಿಟ್ಟರೆ ಅದು ಯಾರಿಗೂ ನೆನಪಿಲ್ಲ. ಪುರಾತನ ಪಟ್ಟಣವೊಂದು ಹೂತುಹೋದ ಬಯಲಿನಲ್ಲಿ ಹತ್ತೊಂಬತ್ತು ವರ್ಷದಿಂದ ರೇಡಾರ್ ಗಾಡಿ ತಳ್ಳುತ್ತಿದ್ದಾನೆ. ಗಾಡಿಯ ಹೊಟ್ಟೆಯಲ್ಲಿರುವ ಪೆಟ್ಟಿಗೆ ನೆಲದೊಳಕ್ಕೆ ಅಲೆ ಬಿಡುತ್ತದೆ. ಕೆಳಗೆ ಗೋಡೆಯೋ ಚಪ್ಪಡಿಯೋ ಇದ್ದರೆ ಅಲೆ ವಾಪಸು ಬಂದು ಪರದೆಯ ಮೇಲೆ ಗೀಟಾಗುತ್ತದೆ. ಎಲ್ಲಿ ಅಗೆಯಬೇಕೆಂದು ಅಗೆಯುವ ಮುಂಚೆಯೇ ಗೊತ್ತಾಗುವುದು ಹೀಗೆ. ದಾರ ಕಟ್ಟಿದ ಸಾಲಿನಲ್ಲಿ ಹೋಗಬೇಕು, ಒಂದು ಮೊಳ ಪಕ್ಕಕ್ಕೆ ಸರಿದು ತಿರುಗಿ ಬರಬೇಕು. ಒಂದು ಸಾಲೂ ಸೊಟ್ಟ ಹೋಗಿಲ್ಲವೆಂದು ಗೆರೆಯಪ್ಪನಿಗೆ ಭಾರೀ ಜಂಬ.

ಕಾಲು ನೆಟ್ಟಗಿತ್ತು, ನಾಲಿಗೆಯ ಮಾತೇ ಬೇರೆ. ಹೆಂಡತಿಗೂ ಅಲ್ಲೇ ಕೆಲಸ. ಬಯಲಿನ ಬದಿಯಲ್ಲಿ ಬಕೆಟ್ ಇಟ್ಟುಕೊಂಡು, ಹಲ್ಲುಜ್ಜುವ ಬ್ರಶ್ಶಿನಿಂದ ಹಳೆಯ ಮಡಕೆ ಚೂರು ತೊಳೆಯುತ್ತಾಳೆ. ಪ್ರತಿ ಸಾಲಿನ ಅರ್ಧ ದಾರಿಯಲ್ಲಿ ಗೆರೆಯಪ್ಪ ಅವಳೆದುರೇ ಹಾದುಹೋಗಬೇಕು.

ಈ ಸಲ ಚಕ್ರದಲ್ಲಿ ದೂರ ಅಳೆಯುವ ಸಾಧನ ಕೆಟ್ಟಿತ್ತು. ಪೆಟ್ಟಿಗೆ ಗಡಿಯಾರದ ಲೆಕ್ಕದಲ್ಲಿ ಓದುತ್ತಿತ್ತು.

"ಒಂದೇ ಸಮ ನಡೀರಿ, ಮಧ್ಯೆ ನಿಲ್ಲಬೇಡಿ. ನಿಂತ್ರೆ ಅದು ನಿಂತ ಜಾಗಾನೇ ಮತ್ತೆ ಮತ್ತೆ ಓದುತ್ತೆ," ಎಂದಿದ್ದರು ಉತ್ಖನನದ ನಿರ್ದೇಶಕಿ. ಗೆರೆಯಪ್ಪ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಮೊದಲ ಸಾಲಿನಲ್ಲೇ ಹೆಂಡತಿ ಕೇಳಿದಳು: "ರೀ, ನಲ್ಲಿ ಸೋರ್ತಿದೆ, ವಾಷರ್ ತಂದ್ರಾ?" ಅವನು ನಿಂತು ಉತ್ತರ ಕೊಟ್ಟ. ಎರಡನೆಯ ಸಾಲಿನಲ್ಲಿ ಮಾತು ಅವಳ ತಮ್ಮನ ಕಡೆ ತಿರುಗಿತು, ಆರನೆಯದರಲ್ಲಿ ಇವನ ಅಕ್ಕನ ಕಡೆ. ಸಾಲು ದೂರವಾದಂತೆ ದನಿ ಏರಿತು. ಹೀಗೆ ಇಪ್ಪತ್ನಾಲ್ಕು ಸಾಲು.

ವಾರದ ಕೊನೆಗೆ ಬಯಲೆಲ್ಲ ಒಂದೇ ಗುಲ್ಲು. ನೆಲದ ಕೆಳಗೆ ಉದ್ದಕ್ಕೂ ಸಪಾಟಾದ ಹಾಸುಗಲ್ಲು ಕಾಣಿಸಿದೆ, ಸಭಾಂಗಣವೇ ಇರಬೇಕು ಎಂದರು. ಆ ವರ್ಷ ಅಗೆಯಲು ಅನುಮತಿ ಇದ್ದದ್ದು ಒಂದೇ ಗುಂಡಿಗೆ. ಮೂಲೆಯಲ್ಲಿ ಕಂಡಿದ್ದ ಪುಟ್ಟ ಸ್ನಾನದ ಮನೆಯನ್ನು ಕೈಬಿಟ್ಟು ನಿರ್ದೇಶಕಿ ಸಭಾಂಗಣಕ್ಕೆ ಗೂಟ ಹೊಡೆಸಿದರು. ಸರಿಯಾಗಿ ಹೆಂಡತಿಯ ಬಕೆಟ್ಟಿನ ಎದುರಿಗೆ.

ತಾನು ನಿಂತು ಮಾತಾಡಿದ ಜಾಗವನ್ನೇ ಪೆಟ್ಟಿಗೆ ಮತ್ತೆ ಮತ್ತೆ ಓದಿ ಸಪಾಟು ಗೀಟು ಎಳೆದಿದೆಯೆಂದು ಗೆರೆಯಪ್ಪನಿಗೆ ಹೊಳೆಯಿತು. ಹೇಳಿದರೆ ಹತ್ತೊಂಬತ್ತು ವರ್ಷದ ಹೆಸರು ಮಣ್ಣುಪಾಲು. ಗಾಡಿಯೂ ಬೇರೆಯವರ ಕೈ ಸೇರಬಹುದು. ಹೇಳದಿದ್ದರೆ ಎಲ್ಲರೂ ಮೂರು ತಿಂಗಳು ಬರೀ ಮಣ್ಣು ಹೊರಬೇಕು. ಅವನಿಗೆ ನಿಜಕ್ಕೂ ಭಯವಾಗಿತ್ತು.

"ನೀವು ಹೇಳ್ತೀರೋ, ನಾನೇ ಹೇಳ್ಲೋ?" ಎಂದಳು ಹೆಂಡತಿ, ಚೂರು ತಿಕ್ಕುತ್ತಲೇ.

ಗುದ್ದಲಿ ಏಳುವ ಹೊತ್ತಿಗೆ ಅವನು ನಿರ್ದೇಶಕಿಯ ಮುಂದೆ ನಿಂತ. "ಮೇಡಂ, ಆ ಸಭಾಂಗಣ ಕಟ್ಟಿದ್ದು ನಾನು."

ವಿಷಯ ಕೇಳಿ ಆಕೆಯ ಮುಖ ಕೆಂಪಾಯಿತು. "ಅಲ್ಲಿ ನಿಂತು ಏನ್ ಮಾಡ್ತಿದ್ರಿ?"

"ಜಗಳ."

"ಇಪ್ಪತ್ನಾಲ್ಕು ಸಾಲಲ್ಲೂ?"

"ಇಲ್ಲ ಮೇಡಂ. ಎರಡರಲ್ಲಿ ಅವಳು ಮಾತೇ ಆಡಲಿಲ್ಲ. ಅಲ್ಲಿ ಇನ್ನೂ ಜಾಸ್ತಿ ಹೊತ್ತು ನಿಂತೆ."

ನಿರ್ದೇಶಕಿ ಬೈಯಲು ಬಾಯಿ ತೆರೆದರು, ನಗು ಬಂದುಬಿಟ್ಟಿತು. ಮತ್ತೆ ತಳ್ಳಿ ತೋರಿಸಿ ಎಂದರು. ಗೆರೆಯಪ್ಪ ತುಟಿ ಕಚ್ಚಿಕೊಂಡು ಇಪ್ಪತ್ನಾಲ್ಕು ಸಾಲು ನಡೆದ. ಹೆಂಡತಿಯತ್ತ ತಿರುಗಿಯೂ ನೋಡಲಿಲ್ಲ. ಸಭಾಂಗಣ ಹೇಳಹೆಸರಿಲ್ಲದಂತೆ ಮಾಯವಾಯಿತು. ಗೂಟಗಳು ಮೂಲೆಗೆ ಹೋದವು, ನಾಲ್ಕೇ ದಿನದಲ್ಲಿ ಸ್ನಾನದ ಮನೆಯ ಗೋಡೆ ತಲೆ ಎತ್ತಿತು. ಗಾಡಿ ಅವನ ಕೈಯಲ್ಲೇ ಉಳಿಯಿತು.

ಮಾಯವಾದ ಸಭಾಂಗಣದ ಚಿತ್ರವನ್ನು ನಿರ್ದೇಶಕಿ ಅವನಿಗೇ ಕೊಟ್ಟರು, ನೆನಪಿಗಿರಲಿ ಎಂದು. ಅವನು ಅದನ್ನು ಮನೆಯ ಟ್ರಂಕಿನ ತಳದಲ್ಲಿ ಬಚ್ಚಿಟ್ಟ. ಹೆಂಡತಿಯ ಕಣ್ಣಿಗೆ ಬೀಳಲು ಎರಡು ದಿನವೂ ಹಿಡಿಯಲಿಲ್ಲ. ಅವಳು ಅದನ್ನು ಅಡುಗೆಮನೆಯ ಗೋಡೆಗೆ, ಇನ್ನೂ ಸೋರುತ್ತಿದ್ದ ನಲ್ಲಿಯ ಮೇಲೆ ಅಂಟಿಸಿದಳು.

"ಇಷ್ಟು ದೊಡ್ಡ ಸಭಾಂಗಣ ಕಟ್ಟಿದೋರು," ಎಂದಳು, "ಒಂದು ವಾಷರ್ ಹಾಕೋಕಾಗಲ್ವಾ?"