ಕಪ್ಪುಹಲಗೆಯ ಮೇಲೆ ನನ್ನ ಹೆಸರು

ಬೆಳಿಗ್ಗೆ ಎಂಟೂವರೆಗೆ ಶಿಕಾರಿಪುರ ಬಿಟ್ಟೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ; ಕಂಡಕ್ಟರ್ ಆಧಾರ್ ನೋಡಿ ಶೂನ್ಯದ ಟಿಕೆಟ್ ಹರಿದುಕೊಟ್ಟರು. ಬ್ಯಾಗಿನಲ್ಲಿ ಬಾಳೆಹಣ್ಣು ಮತ್ತು ನನ್ನ ‘ಅತ್ಯುತ್ತಮ ನಾಯಕಿ’ ಪ್ರಮಾಣಪತ್ರ ಇದ್ದವು. ಹೊರಟಿದ್ದು ಆನವಟ್ಟಿಯ ಆಚೆ, ಗೆಳತಿ ಸಾವಿತ್ರಿಯ ಮನೆಗೆ. ಅವಳು ಡೆಂಗಿ ಜ್ವರದಲ್ಲಿ ತೀರಿಕೊಂಡು ತಿಂಗಳಾಗಿತ್ತು. ಮಣ್ಣಿಗೂ ನಾನು ಹೋಗಿರಲಿಲ್ಲ. ಪರೀಕ್ಷೆ ಇದೆ ಎಂದಿದ್ದೆ. ಪರೀಕ್ಷೆ ಇದ್ದದ್ದು ನಿಜ, ಆದರೆ ಅಂದು ಬೆಳಿಗ್ಗೆ ಹನ್ನೊಂದಕ್ಕೇ ಮುಗಿದಿತ್ತು.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿದೆ. ಬಿಸಿಲು ಜೋರಾಗಿತ್ತು. ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದರು. ಡ್ರೈವರ್ ಬೈಯುತ್ತಲೇ ಬಳಸಿಕೊಂಡು ಹೋದರು. ಬಂದಳಿಕೆಯ ಕವಲು ಬಂದಾಗ ನಾನು ಮುಖ ತಿರುಗಿಸಿಕೊಂಡೆ.

ಎರಡು ವರ್ಷದ ಹಿಂದೆ ನಮ್ಮ ವಿಶ್ವವಿದ್ಯಾಲಯದ ಏಳು ದಿನದ ನಾಯಕತ್ವ ಶಿಬಿರ ನಡೆದದ್ದು ಆ ಊರಿನ ಶಾಲೆಯಲ್ಲಿ. ಬೆಳಿಗ್ಗೆ ಹಳೆಯ ಗುಡಿಗಳ ಸುತ್ತ ಕಳೆ ಕೀಳುತ್ತಿದ್ದೆವು, ಸಂಜೆ ಭಾಷಣ ಕೇಳುತ್ತಿದ್ದೆವು. ಶಿಬಿರದ ಮೇಷ್ಟ್ರ ಕಟ್ಟಳೆ ಒಂದೇ: ಗುಂಪಿನ ನಾಯಕರು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಬೇಕು, ಉಂಡ ಮೇಲೆ ಅಡುಗೆ ಕೋಣೆಯ ಕಪ್ಪುಹಲಗೆಯಲ್ಲಿ ತಮ್ಮ ಹೆಸರು ಬರೆಯಬೇಕು. ನಮ್ಮ ಗುಂಪಿಗೆ ನಾನೇ ನಾಯಕಿ. ಮೊದಲ ದಿನವೇ ಅತಿಥಿಗಳ ಜೊತೆ ಮಾತಾಡುತ್ತ ಮೊದಲ ಪಂಕ್ತಿಯಲ್ಲಿ ಕೂತುಬಿಟ್ಟೆ.

“ನೀ ಉಣ್ಣೇ ಮಾರಾಯ್ತಿ, ನಾ ನೋಡ್ಕತೀನಿ,” ಎಂದಳು ನನ್ನದೇ ಗುಂಪಿನಲ್ಲಿದ್ದ ಸಾವಿತ್ರಿ.

ಏಳೂ ದಿನ ಅವಳೇ ಬಡಿಸಿದಳು, ಕೊನೆಗೆ ಉಂಡಳು, ಹಲಗೆಯ ಮೇಲೆ ನನ್ನ ಹೆಸರು ಬರೆದಳು. ಮುಕ್ತಾಯದ ದಿನ ಮೇಷ್ಟ್ರು ಅದನ್ನೇ ಹೊಗಳಿ ನನಗೆ ಪ್ರಮಾಣಪತ್ರ ಕೊಟ್ಟರು. ತಲೆ ತಗ್ಗಿಸಿದೆ. ವಿನಯವೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಅವಳು.

ಆನವಟ್ಟಿಗೆ ಅವಳ ಅಪ್ಪ ಬೈಕ್ ತಂದಿದ್ದರು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: “ಗಟ್ಟಿ ಹಿಡ್ಕಳವ್ವ, ಗುಂಡಿ ಅದಾವೆ.”

ಬಾಗಿಲಲ್ಲೇ ಅವಳ ಅಮ್ಮ ಕೈ ಹಿಡಿದುಕೊಂಡರು. “ಕೊನೀಗೆ ಉಣ್ಣೋ ಲೀಡರ್ರು ನೀನೇನವ್ವ? ಬಾಯಿ ಬಿಟ್ರೆ ನಿಂದೇ ಸುದ್ದಿ ಅವ್ಳಿಗೆ.”

ಒಳಗೆ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು ಸಿದ್ಧವಿತ್ತು. “ನೀವು ಉಂಡ ಮೇಲೆ ಉಣ್ತೀನಮ್ಮ,” ಎಂದೆ.

“ನೋಡ್ರೀ, ಅವ್ಳು ಹೇಳಿದ್ದು ಸುಳ್ಳಲ್ಲ!” ಎಂದು ಅವರು ಗಂಡನ ಕಡೆ ತಿರುಗಿ ನಕ್ಕರು. ತಿಂಗಳಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಕ್ಕಿಲ್ಲ.

ಸುಮ್ಮನಿರಬಹುದಿತ್ತು. ಆಗಲಿಲ್ಲ. ಪ್ರಮಾಣಪತ್ರ ತೆಗೆದು ಮುಂದಿಟ್ಟು ಎಲ್ಲವನ್ನೂ ಹೇಳಿದೆ.

ಅಮ್ಮ ಸೌಟನ್ನು ಸಾರಿನ ಪಾತ್ರೆಯಲ್ಲಿಟ್ಟರು. ಆಮೇಲೆ, “ಅವ್ಳಿಗೆ ಊಟ ಉಳೀತಿತ್ತೇನವ್ವ?” ಎಂದರು.

“ಒಂದಿನ ಸಾರು ಮುಗಿದಿತ್ತು. ಮಜ್ಜಿಗೆ ಅನ್ನ ಉಂಡ್ಲು.”

“ಮಜ್ಜಿಗೆ ಆಗ್ತಿರ್ಲಿಲ್ಲ ಅವ್ಳಿಗೆ. ಕೆಮ್ಮು ಬರೋದು.”

ಮೂರು ವರ್ಷದ ಗೆಳೆತನದಲ್ಲಿ ನನಗೆ ಅದು ಗೊತ್ತಿರಲಿಲ್ಲ.

ಅವರು ಕಾಗದದ ಮೇಲೆ ಬೆರಳಿಟ್ಟರು. “ಇದ್ರಾಗೆ ಅವ್ಳ ಹೆಸ್ರು ಐತಾ?”

“ಇಲ್ಲಮ್ಮ.”

“ಹಂಗಾರೆ ನೀನೇ ಇಟ್ಕ.” ತಟ್ಟೆಯನ್ನು ನನ್ನ ಮುಂದೆ ಸರಿಸಿದರು. “ಉಣ್ಣು. ಬಸ್ಸಿಗೆ ಹೊತ್ತಾಗ್ತೈತಿ.”

ಆ ಮನೆಯಲ್ಲೂ ಮೊದಲು ಉಂಡವಳು ನಾನೇ.

ಮೂರೂವರೆಯ ಬಸ್ಸಿಗೆ ಕೂತೆ. ಬಂದಳಿಕೆಯ ಕವಲಿನಲ್ಲಿ ಒಬ್ಬ ಹೆಂಗಸು ರಸ್ತೆಯ ಜೋಳ ಗುಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಈ ಸಲ ಮುಖ ತಿರುಗಿಸಲಿಲ್ಲ. ಶಾಲೆಯ ಕಡೆಯ ದಾರಿ ಕಣ್ಮರೆಯಾಗುವವರೆಗೂ ನೋಡಿದೆ.