ಸಿನಿಮಾದವರು ಕಟ್ಟಿಸಿದ ಅರಿಶಿನದ ದಾರ

ಸೋಮವಾರ ಮಧ್ಯಾಹ್ನ, ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಮಗಳು ಫೋನು ಹಿಡಿದು ಅಡುಗೆಮನೆಗೆ ಬಂದಳು.

“ಅಮ್ಮಾ, ನಿಮ್ಮೂರಲ್ಲಿ ತೆಗೆದ ಹಳೇ ಸಿನಿಮಾ ಸಿಕ್ತು! ಬೆಂಗಳೂರಲ್ಲಿ ಕೆಲವರಿಗೆ ಇದರ ಹುಚ್ಚಂತೆ, ಡೈಲಾಗೆಲ್ಲ ಬಾಯಿಪಾಠ. ಟಿವಿಗೆ ಹಾಕ್ತೀನಿ ಬಾ, ಅಪ್ಪ, ಅಜ್ಜಿ ಆಗಲೇ ಕೂತಿದ್ದಾರೆ.”

ಕೈಯಲ್ಲಿದ್ದ ಕಾಳು ಸಿಪ್ಪೆಯೊಂದಿಗೇ ಬೇಳೆಯ ಪಾತ್ರೆಗೆ ಬಿತ್ತು.

ಆ ಸಿನಿಮಾ ಮದ್ದೂರಿನ ಟೆಂಟಿನಲ್ಲಿ ಒಂದು ವಾರವೂ ಓಡಲಿಲ್ಲ. ಅದೇ ತಾಲ್ಲೂಕಿನ ಕೊಪ್ಪದ ಹತ್ತಿರದ ನಮ್ಮೂರಿನಲ್ಲಿ ಅದನ್ನು ತೆಗೆದಾಗ ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಮದುವೆಯ ದೃಶ್ಯದ ದಿನ ನಾಯಕಿಗೆ ಜ್ವರ. ಬಾಸಿಂಗ ಕಟ್ಟಿದರೆ ಮುಖ ಕಾಣುವುದಿಲ್ಲ, ಅವಳ ಬದಲು ನೀನು ಬಂದು ಕೂರಮ್ಮ ಎಂದರು ಸಿನಿಮಾದವರು. ಆಸೆಗೆ ಬಿದ್ದು ಕೂತೆ. ಪುರೋಹಿತರ ಪಾತ್ರಕ್ಕೆ ನಮ್ಮೂರ ದೇವಸ್ಥಾನದ ಐನೋರನ್ನೇ ಕರೆತಂದಿದ್ದರು. ಸುಮ್ಮನೆ ತುಟಿ ಆಡಿಸಿ ಸಾಕು ಎಂದರೆ, “ಮಂತ್ರಾನ ಸುಳ್ಳು ಸುಳ್ಳಾಗಿ ಹೇಳಕ್ಕಾಗುತ್ತೇನ್ರಯ್ಯಾ?” ಎಂದು ನಿಜವಾದ ಮಂತ್ರವನ್ನೇ ಪೂರ್ತಿ ಹೇಳಿಬಿಟ್ಟರು. ಊರ ಹೆಂಗಸರು ಅಕ್ಷತೆ ಹಾಕಿದರು. ಗುರುತು ಪರಿಚಯವಿಲ್ಲದ ನಟನೊಬ್ಬ ಅರಿಶಿನದ ಕೊಂಬಿನ ದಾರವನ್ನು ನನ್ನ ಕೊರಳಿಗೆ ಕಟ್ಟಿದ.

ಡೈರಿಗೆ ಹಾಲು ಹಾಕಿ ಬಂದ ಅವ್ವ ಅದನ್ನು ಕಂಡು ಎದೆ ಬಡಿದುಕೊಂಡಳು. ಅಂದೇ ಶಿಂಷಾ ಹೊಳೆಗೆ ಕರೆದೊಯ್ದು, ದಾರ ಬಿಚ್ಚಿ ನೀರಿಗೆ ಬಿಟ್ಟು, ನನ್ನ ತಲೆಯ ಮೇಲೆ ನೀರು ಹೊಯ್ದಳು.

“ಮಂತ್ರ ಬಿದ್ಬುಟ್ಟದೆ ಕಣವ್ವ. ಮುಂದೆ ಕೈ ಹಿಡಿಯೋನ ಆಯಸ್ಸಿಗೆ ಕುತ್ತು ಬರ್ದಂಗೆ ಸೋಮವಾರ ಒಪ್ಪತ್ತು ಇರು. ಯಾರ್ತಾವೂ ಬಾಯ್ಬುಡಬ್ಯಾಡ.”

ಊರವರು ನಕ್ಕು ಮರೆತರು. ನಾನು ಮರೆಯಲಿಲ್ಲ. ಎರಡು ವರ್ಷದ ಹಿಂದೆ ಯಜಮಾನರ ಎದೆಗೆ ಸ್ಟೆಂಟ್ ಹಾಕಿಸಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಅನ್ನಿಸಿದ್ದು ಒಂದೇ, ಇದು ಆ ದಾರದ ಕೆಲಸ ಎಂದು. ಮನಸ್ಸಿಗೆ ಪೆಟ್ಟಾಗುವ ಮಾತು ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ ಎಂದಿದ್ದರು ಡಾಕ್ಟರು. ಈಗ ಹೊಳೆಗೆ ಬಿಟ್ಟ ದಾರ ನಮ್ಮ ಮಂಡ್ಯದ ಮನೆಯ ಹಾಲಿಗೇ ಬಂದಿತ್ತು.

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಮಾದಪ್ಪ ಸ್ವಾಮಿ, ಕರೆಂಟಾದರೂ ಹೋಗಲಿ ಎಂದು ಬೇಡಿಕೊಂಡೆ. ಹೋಗಲಿಲ್ಲ. ಮದುವೆಯ ದೃಶ್ಯ ಬಂತು, ಬಾಸಿಂಗದ ಕೆಳಗೆ ನನ್ನ ಗಲ್ಲ ಕಂಡಿತು, ಗಲ್ಲದ ಮಚ್ಚೆಯೂ.

ಅತ್ತೆ ಮುಂದಕ್ಕೆ ಬಾಗಿದರು. “ಅಯ್, ಇವ್ಳು ನಿನ್ನೆಡ್ತಿ ಕಣ್ಲಾ!”

ಯಜಮಾನರು ನನ್ನತ್ತ ತಿರುಗಿದರು. ಉಸಿರು ಸರಿಯಾಗಿ ಏಳುತ್ತಿದೆಯೇ ಎಂದು ನಾನು ಅವರ ಎದೆಯನ್ನೇ ನೋಡುತ್ತಿದ್ದೆ. ಇನ್ನು ಮುಚ್ಚಿಡಲು ಆಗಲಿಲ್ಲ. ಐನೋರ ಮಂತ್ರ, ಹೊಳೆ, ಅವ್ವನ ಮಾತು, ಎಲ್ಲವನ್ನೂ ನಿಂತಲ್ಲೇ ಹೇಳಿದೆ.

“ಅಂಗಾರೆ ಈ ಸೋಮವಾರದ ಒಪ್ಪತ್ತು...” ಎಂದರು ಯಜಮಾನರು.

ತಲೆಯಾಡಿಸಿದೆ.

“ಇಷ್ಟೊರ್ಸ ನಂಗೋಸ್ಕರ ಅಸ್ಕಂಡಿದ್ದಾ?” ಅವರ ದನಿ ನಡುಗಿತು.

ಅತ್ತೆ ಮೊಮ್ಮಗಳ ತೊಡೆ ತಟ್ಟಿದರು. “ಏಯ್, ಇನ್ನೊಂದ್ಸಲ ಆಕವ್ವ ಅದ.” ಬೆರಳು ಮಡಚಿ ಎಣಿಸಿದರು. “ಒಂದು... ಎರಡು... ಮೂರ್ನೇದೆಲ್ಲಿ? ಎರಡೇ ಗಂಟು! ಮೂತಿ ನೋಡು ಆ ಕಟ್ದೋನ್ದ. ಎರಡು ಗಂಟ್ಗೆ ಗೂಟದ ಕರಾನೂ ನಿಲ್ಲಕಿಲ್ಲ, ಮದ್ವೆ ನಿಂತದಾ? ಓಗವ್ವ, ಒಲೆ ನೋಡು.”

ಯಜಮಾನರು ಕೆಮ್ಮು ಬರುವಷ್ಟು ನಕ್ಕರು. ಕಣ್ಣೊರೆಸಿಕೊಂಡು ಕಾಫಿ ಕೇಳಿದರು. ಅವರು ನಕ್ಕಿದ್ದೊಂದು, ಕಾಫಿ ಕೇಳಿದ್ದೊಂದು. ಆ ಹೊತ್ತಿಗೆ ದೇವರು ಇಷ್ಟು ಕೊಟ್ಟ.

ಆದರೆ ಎರಡನೆಯ ಗಂಟಾದ ಮೇಲೆ ಪರದೆಯಲ್ಲಿ ವಾಲಗದವನ ಮುಖ ಬರುತ್ತದೆ. ಮೂರನೆಯದು ನನ್ನ ಕತ್ತಿಗೆ ಇನ್ನೂ ನೆನಪಿದೆ. ಒದ್ದೆ ದಾರ, ತಣ್ಣನೆಯ ಬೆರಳು. ಅದನ್ನು ಅವರಿಗೆ ಹೇಳಲಿಲ್ಲ. ಬರುವ ಸೋಮವಾರವೂ ಒಪ್ಪತ್ತೇ.

ಕಾಫಿ ಕೊಟ್ಟು ಬಂದು, ಬೇಳೆಯ ಪಾತ್ರೆಗೆ ಬಿದ್ದಿದ್ದ ಆ ಸಿಪ್ಪೆಯ ಕಾಳನ್ನು ಹುಡುಕಿ ತೆಗೆದು ಹಿತುಕಿದೆ.